ಗ್ರೇಡರ್ ಓಡಿಸಿದವನ ಬಕ್ಕಿ

ಮೂವತ್ತೊಂದು ವರ್ಷ ರಸ್ತೆ ಕೆರೆದವನು
ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದ,
ವಾಲ್ವಿಸ್ ಬೇಯ ಬೆಳಗಿನ ಮಂಜಿನಲ್ಲಿ
ಹಳೇ ಡೀಸೆಲ್ ಬಕ್ಕಿಯನ್ನು ಹಿಮ್ಮುಖವಾಗಿ ನುಗ್ಗಿಸಿಕೊಂಡು.
ಹೆಸರು ಎಲಿಫಾಸ್ ಗೊವಾಸೆಬ್.
ನಿವೃತ್ತಿಯ ದುಡ್ಡು ಬಿಸ್ಕತ್ತಿನ ಡಬ್ಬಿಯಲ್ಲಿ.
"ದಾರಿ ಇಲ್ಲದ ಕಡೆ ಹೋಗಬೇಕು, ತುಯೇನಿ.
ದಾರಿ ನೋಡಿ ನೋಡಿ ಸಾಕಾಗಿದೆ."

ನಾನು ಬಾಯಿಪಾಠ ಒಪ್ಪಿಸಿದೆ:
ತಲೆಯ ಮೇಲೊಂದು ಡೇರೆ, ಮೂತಿಗೊಂದು ವಿಂಚು,
ಆನೆಸೊಂಡಿಲಿನಂಥ ಗಾಳಿಕೊಳವೆ,
ಇನ್ನೊಂದು ಬ್ಯಾಟರಿ, ಬಿಯರಿಗೆ ಫ್ರಿಜ್ಜು...

"ಏಣಿ ಹತ್ತುವ ಮಂಡಿ ನನ್ನ ಹತ್ತಿರ ಇಲ್ಲ.
ವಿಂಚಿನ ಹಗ್ಗ ಕಟ್ಟಲು ಅಲ್ಲಿ ಮರ ಎಲ್ಲಿದೆ, ನಿನ್ನ ಜಡೆಗೆ ಕಟ್ಟಲೇ?
ಹೊಳೆ ದಾಟಬೇಕಾದರೆ ಮೊದಲು ಹೊಳೆಗೆ ನೀರು ಬರಬೇಕು.
ಒಂದು ಮಂಚ ಮಾಡು. ಕೆಳಗೆ ಎರಡು ಡ್ರಾಯರು.
ಅರುವತ್ತು ಲೀಟರ್ ನೀರಿಗೆ ಜಾಗ.
ಮತ್ತೆ, ಒಂದೊಂದು ಬೋಲ್ಟಿಗೂ ಲಾಕ್ ನಟ್ಟು.
ರಸ್ತೆ ಏನು ಮಾಡುತ್ತದೆ ಅಂತ
ರಸ್ತೆ ಮಾಡಿದವನಿಗೆ ಗೊತ್ತು."

ಗೊತ್ತಿತ್ತು ಅವನಿಗೆ.
ಕೆರೆದು ಹೋದ ಮರುವಾರವೇ ಜಲ್ಲಿ ಅಲೆಯೇಳುವುದು,
ಅಜ್ಜಿ ಒನಕೆಯಲ್ಲಿ ಸಜ್ಜೆ ಕುಟ್ಟಿದ ಹಾಗೆ
ಗಾಡಿಯನ್ನು ಕುಟ್ಟುವುದು,
ಹಲ್ಲು, ಹೆಡ್‌ಲೈಟು, ಸಂಸಾರ
ಬಿಗಿ ಇಲ್ಲದ್ದೆಲ್ಲ ಕಳಚಿ ಬೀಳುವುದು.

ಮಂಚದ ಅಳತೆಗೆಂದು
ಸಿಮೆಂಟು ನೆಲದ ಮೇಲೆ ಅಂಗಾತ ಮಲಗಿದ.
ಟೇಪು ಹಿಡಿದೆ.
"ಇನ್ನೊಂದು ಪೆಟ್ಟಿಗೆಗೂ ಹೀಗೇ ಅಳೆಯುತ್ತಾರೆ, ಅಲ್ಲವೇ?"
ನಾನು ನಗಲಿಲ್ಲ.
ಎರಡು ಬೆರಳು ಜಾಸ್ತಿಯೇ ಬರೆದುಕೊಂಡೆ.

ಹನ್ನೊಂದು ದಿನ. ಪ್ಲೈವುಡ್ಡಿನ ಪುಡಿ, ಕಿಡಿ, ಸುಟ್ಟ ಬಣ್ಣದ ವಾಸನೆ.
ಹಿಂಚಕ್ರದ ಗೂನು ಅಡ್ಡ ಬಂದಲ್ಲಿ ಹಲಗೆ ಕಚ್ಚು ಹೊಡೆದೆ,
ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದೆ.
ಉಪ್ಪಿನ ಕಾರ್ಖಾನೆಯಲ್ಲಿ ಲಾರಿ ತೂಗುವ ಕಟ್ಟೆ ಹತ್ತಿಸಿದರೆ
ನಲವತ್ತು ಕಿಲೋ ಹೆಚ್ಚು.
ಅವನು ಒಂದೊಂದೇ ಇಳಿಸಿದ: ಇದ್ದಿಲ ಮೂಟೆ,
ಎರಕದ ಪಾತ್ರೆ, ಯಾರೋ ಕೊಟ್ಟ ಜಾಕು,
ಕೊನೆಗೆ ಮಡಚುವ ಕುರ್ಚಿ.
"ಮೂವತ್ತೊಂದು ವರ್ಷ ಕೂತೇ ಇದ್ದೆನಲ್ಲ."

ಹೋದ.

ಮೂರು ವಾರಕ್ಕೆ ಬಂದಾಗ ಬಕ್ಕಿಯ ಬಣ್ಣ ಯಾವುದೆಂದು ತಿಳಿಯದು.
ಒಂದು ನಟ್ಟೂ ಸಡಿಲಿರಲಿಲ್ಲ. ನೋಡಿದೆ, ಎರಡೆರಡು ಸಲ.
ಚಹಾ ಕೊಟ್ಟೆ. ಲೋಟ ಹಿಡಿದು ಬಹಳ ಹೊತ್ತು ಊದಿದ.

"ತೊಂಬತ್ತೊಂದರಲ್ಲಿ ನಾನೇ ಕೆರೆದ ರಸ್ತೆ ಹುಡುಕಿದೆ.
ಇಲ್ಲ. ಮರಳು ತಿಂದಿದೆ.
ಬ್ಲೇಡು ತಳ್ಳಿದ ಕಲ್ಲು ಮಾತ್ರ ಎರಡು ಬದಿ ಸಾಲಾಗಿ,
ಮದುವೆ ಮುಗಿದ ಮೇಲೆ ಎತ್ತದೆ ಬಿಟ್ಟ ಬೆಂಚುಗಳ ಹಾಗೆ.

ಆದರೆ ಅಲ್ಲೇ ಪಕ್ಕದ ಬಯಲಿನಲ್ಲಿ,
ಮಂಜು ಕುಡಿದು ಬದುಕುವ ಕಲ್ಲುಹೂವಿನ ಮೇಲೆ,
ಒಂದು ಸುತ್ತು ಇದೆ. ಟೈರಿನ ಗುರುತು, ಜೋಡಿಗೆರೆ.
ಸಂಬಳದ ರಾತ್ರಿ, ಕುಡಿದು, ಇಲಾಖೆಯ ಗಾಡಿಯಲ್ಲಿ
ಬರೀ ಹುಡುಗಾಟಕ್ಕೆ ಹೊಡೆದದ್ದು.
ನಾನೇ.
ನಿನ್ನೆ ಹೊಡೆದ ಹಾಗಿದೆ."

ಹೊಸ ಗೆರೆ ಬೀಳದಿರಲೆಂದು
ಆ ಹಳೇ ಗೆರೆಯ ಮೇಲೇ ಚಕ್ರವಿಟ್ಟು
ಬಕ್ಕಿ ನಿಲ್ಲಿಸಿದನಂತೆ.
ನಾಲ್ಕು ರಾತ್ರಿ ಅಲ್ಲೇ ಮಲಗಿದನಂತೆ.
ಮಂಚ ಸರಿಯಾಗಿತ್ತೇ ಎಂದೆ. "ಉದ್ದ ಜಾಸ್ತಿ" ಎಂದ.

ಆಮೇಲೆ ಎದ್ದು, ಬಕ್ಕಿಯ ಎಡಗಡೆ
ನೀರಿನ ಡಬ್ಬಿಯ ಮೇಲೆ ಅಂಗೈಯಗಲ ಜಾಗ ತೋರಿಸಿದ:
"ಇಲ್ಲಿ ಎರಡು ಕೊಕ್ಕೆ ಬೇಕು, ಒಂದು ಹಲುಬೆ ಸಿಕ್ಕಿಸುವುದಕ್ಕೆ."
"ಅದು ಮಾಸುತ್ತದೆಯೇ?"
"ಇಲ್ಲ. ಕಲ್ಲುಹೂವು ಮತ್ತೆ ಹಬ್ಬುವಷ್ಟು ದಿನ
ನಾನಂತೂ ಇರುವುದಿಲ್ಲ.
ಆದರೂ ಕೈಗೆ ಬೇರೆ ಕೆಲಸ ಬರುವುದಿಲ್ಲವಲ್ಲ, ತುಯೇನಿ."

ಮುಖವಾಡ ಇಳಿಸಿಕೊಂಡೆ.
ಹಸಿರು ಗಾಜಿನೊಳಗೆ ಕೊಕ್ಕೆ, ಕಿಡಿ,
ಆಚೆ ತಿರುಗಿ ನಿಂತ ಅವನ ಬೆನ್ನು.